ಕಾಣಿಕೆ: ಕ್ರೈಸ್ತ ಆರಾಧನೆಯಲ್ಲಿ ಅರ್ಪಣೆಯ ಇತಿಹಾಸ

ದೇವಾರಾಧನೆಯ ನಡುವೆ ಭಕ್ತರು ತಮ್ಮ ದುಡಿಮೆಯ ಪಾಲನ್ನು ದೇವರಿಗೆ ಒಪ್ಪಿಸುವ ಕ್ರೈಸ್ತ ಆಚರಣೆ. ಯೆಹೂದ್ಯರ ದಶಮಾಂಶ ಹಾಗೆಯೇ ಸಭೆಗೆ ಇಳಿದುಬಂದು ಎರಡು ಸಾವಿರ ವರ್ಷ ಎಡೆಬಿಡದೆ ನಡೆದಿದೆ ಎಂದು ಜನಪ್ರಿಯ ಬರಹಗಳು ಹೇಳುವುದುಂಟು. ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ. ಕಾಣಿಕೆ ಆರಾಧನೆಯ ಒಳಗೆ ಹುಟ್ಟಿತು, ಶತಮಾನಗಳ ಕಾಲ ಅದರಿಂದ ಹೊರಗೆ ತೆರಿಗೆಯಾಗಿ ಉಳಿಯಿತು, ಈಚೆಗೆ ಮತ್ತೆ ಒಳಗೆ ಬಂದಿತು.

ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಆಧಾರವಾಗುವ ಭಾಗಗಳು ಮುಖ್ಯವಾಗಿ ಎರಡು. ಒಂದು, ಯೆರೂಸಲೇಮಿನ ಬಡವರಿಗಾಗಿ ಪೌಲನು ಕೊರಿಂಥದವರಿಂದ ಎತ್ತಿಸಿದ ಹಣ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಆದಾಯಕ್ಕೆ ತಕ್ಕಂತೆ ತೆಗೆದಿಡಬೇಕೆಂದು ಅವನು ಬರೆದನೇ ಹೊರತು ಹತ್ತರಲ್ಲೊಂದು ಪಾಲೆಂಬ ಲೆಕ್ಕ ಹಾಕಲಿಲ್ಲ. ಇನ್ನೊಂದು, ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗ. ತ್ಯಾಗದ ದಾನಕ್ಕೆ ಇದೇ ಮಾದರಿ ಎಂಬುದು ಉಪದೇಶಪೀಠದ ವಾಡಿಕೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಇದಕ್ಕೆ ತುಸು ಮೊದಲೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಖಂಡನೆ ಬರುತ್ತದೆ. ಇದನ್ನು ಹಿಡಿದು ಅಮೆರಿಕದ ವಿದ್ವಾಂಸ ಅಡಿಸನ್ ರೈಟ್ 1982ರಲ್ಲಿ, ಯೇಸು ಆ ಹೆಂಗಸನ್ನು ಹೊಗಳುತ್ತಿಲ್ಲ, ಅವಳ ಬದುಕನ್ನೇ ಕಸಿದ ವ್ಯವಸ್ಥೆಗೆ ಮರುಗುತ್ತಿದ್ದಾನೆ ಎಂದು ವಾದಿಸಿದರು. ಚರ್ಚೆ ಇನ್ನೂ ತೀರಿಲ್ಲ. ಆ ಹಿಂದಿನ ವಾಕ್ಯವನ್ನು ಬಿಟ್ಟು ಕಥೆಯನ್ನಷ್ಟೇ ಓದುವುದು ಸರಿಯಲ್ಲ ಎಂಬುದನ್ನಾದರೂ ಒಪ್ಪಬೇಕಾಗುತ್ತದೆ.

ಆರಾಧನೆಯೊಳಗಿನ ಕಾಣಿಕೆಯ ಸ್ಪಷ್ಟ ಚಿತ್ರ ಮೊದಲು ಸಿಗುವುದು ಸುಮಾರು 155ರಲ್ಲಿ, ರೋಮಿನಲ್ಲಿದ್ದ ಜಸ್ಟಿನ್‌ನ ಸಮರ್ಥನಾ ಗ್ರಂಥದಲ್ಲಿ. ಭಾನುವಾರ ಊರವರೂ ಹಳ್ಳಿಯವರೂ ಕೂಡುತ್ತಾರೆ. ಓದು, ಪ್ರಾರ್ಥನೆ, ರೊಟ್ಟಿ-ದ್ರಾಕ್ಷಾರಸದ ಹಂಚಿಕೆ ನಡೆಯುತ್ತದೆ. ಉಳ್ಳವರು ಮನಸ್ಸಿದ್ದಷ್ಟು ಕೊಡುತ್ತಾರೆ. ಆ ಹಣ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರದೇಶಿಗಳಿಗೆ ಸಲ್ಲುತ್ತದೆ. ಕಾರ್ಥೇಜಿನ ತೆರ್ತುಲ್ಲಿಯನ್ ಸುಮಾರು 197ರಲ್ಲಿ ಬರೆದದ್ದೂ ಇದೇ ಧಾಟಿಯದು: ತಿಂಗಳಿಗೊಮ್ಮೆ, ಶಕ್ತಿಯಿದ್ದರೆ, ಇಷ್ಟವಿದ್ದರೆ. ಲಿಯೋನ್‌ನ ಇರೆನೇಯನ ದೃಷ್ಟಿಯಲ್ಲಿ ದಶಮಾಂಶವು ದಾಸರ ಕೊಡುಗೆ. ಬಿಡುಗಡೆ ಹೊಂದಿದವರು ತಮ್ಮದೆಲ್ಲವನ್ನೂ ಕೊಡುವವರು. ಇದರ ಫಲ ಸಣ್ಣದಾಗಿರಲಿಲ್ಲ. ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಪೋಷಿಸುತ್ತಿದೆ ಎಂದು ಅಲ್ಲಿನ ಬಿಷಪ್ ಕೊರ್ನೇಲಿಯಸ್ ಸುಮಾರು 251ರಲ್ಲಿ ಬರೆದ ಪತ್ರವನ್ನು ಸಭೆಯ ಇತಿಹಾಸಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ.

ಈ ಅರ್ಪಣೆ ಯಾವ ಬಗೆಯಲ್ಲಿ ನಡೆಯುತ್ತಿತ್ತು ಎಂಬಲ್ಲಿ ಗೊಂದಲ ಹೆಚ್ಚು. ಆಂಗ್ಲಿಕನ್ ಸನ್ಯಾಸಿ ಗ್ರೆಗರಿ ಡಿಕ್ಸ್ 1945ರ ತಮ್ಮ ಪ್ರಭಾವಿ ಗ್ರಂಥದಲ್ಲಿ, ಆದಿ ಸಭೆಯಲ್ಲಿ ಪ್ರತಿಯೊಬ್ಬ ಭಕ್ತನೂ ತನ್ನ ಮನೆಯ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದು ಅರ್ಪಿಸುವುದೇ ಆರಾಧನೆಯ ಹೃದಯವಾಗಿತ್ತು ಎಂದು ಚಿತ್ರಿಸಿದರು. ಬರಿಗೈಯಲ್ಲಿ ಬಂದು ಬಡವರು ತಂದ ಅರ್ಪಣೆಯಲ್ಲಿ ಪಾಲು ಪಡೆಯುವ ಸಿರಿವಂತೆಯನ್ನು 3ನೇ ಶತಮಾನದ ಸಿಪ್ರಿಯನ್ ಗದರಿಸಿದ್ದು, ಜನ ಏನನ್ನೋ ತರುತ್ತಿದ್ದರು ಎಂಬುದಕ್ಕೆ ಸಾಕ್ಷಿ. ಅದನ್ನು ಮೆರವಣಿಗೆಯಲ್ಲಿ ವೇದಿಗೆ ತರುತ್ತಿದ್ದರು ಎಂಬುದಕ್ಕೆ ಮಾತ್ರ ಆಧಾರ ತೆಳು. ಸುಮಾರು 700ರ ರೋಮನ್ ವಿಧಿಗ್ರಂಥದಲ್ಲಿ ಪೋಪರೇ ಇಳಿದು ಬಂದು ಜನರಿಂದ ಕಾಣಿಕೆ ಸ್ವೀಕರಿಸುತ್ತಾರೆ. ಪೂರ್ವದ ಸಭೆಗಳಲ್ಲಿ ಆರಾಧನೆಗೆ ಮುಂಚೆಯೇ ಅದನ್ನು ಸೇವಕರ ಕೈಗೆ ಕೊಡುವ ರೂಢಿಯಿತ್ತು. ಈ ನೆಲೆಯಲ್ಲಿ ಡಿಕ್ಸ್‌ರ ನಂತರದ ವಿದ್ವಾಂಸರು ಅವರ ಚಿತ್ರವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಮಧ್ಯಯುಗದಲ್ಲಿ ದಶಮಾಂಶ ತೆರಿಗೆಯಾದ ಕಥೆ ಎಲ್ಲ ಕೈಪಿಡಿಗಳಲ್ಲೂ ಇದೆ. ಈಗಿನ ಫ್ರಾನ್ಸಿನ ಮಾಕಾನ್‌ನಲ್ಲಿ ನಡೆದ 585ರ ಸಭಾಕೂಟ ದಶಮಾಂಶ ಕೊಡದವರಿಗೆ ಬಹಿಷ್ಕಾರ ವಿಧಿಸಿತು. 779ರಲ್ಲಿ ಫ್ರಾಂಕರ ದೊರೆ ಶಾರ್ಲಮೇನ್ ಅದನ್ನು ರಾಜಶಾಸನವಾಗಿಸಿದ. ಫ್ರಾನ್ಸಿನಲ್ಲಿ 1789ರ ಕ್ರಾಂತಿ ಅದನ್ನು ರದ್ದುಮಾಡಿತು. ಇಂಗ್ಲೆಂಡಿನಲ್ಲಿ 1836ರ ಕಾಯಿದೆ ಧಾನ್ಯದ ಪಾಲನ್ನು ಹಣಕ್ಕೆ ಬದಲಿಸಿತು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಸಭೆಯ ಸದಸ್ಯರು ಆದಾಯ ತೆರಿಗೆಯ ಶೇಕಡ 9ರಷ್ಟನ್ನು ಇಂದಿಗೂ ಸರ್ಕಾರದ ಮೂಲಕ ಸಭೆಗೆ ಸಲ್ಲಿಸುತ್ತಾರೆ.

ನಿಜವಾದ ತಿರುವು ಬಂದದ್ದು ರಾಜ್ಯದ ಆಸರೆಯಿಲ್ಲದ ಸಭೆಗಳಿಂದ. ಬ್ಯಾಪ್ಟಿಸ್ಟ್ ವಿಲಿಯಂ ಕೇರಿ 1792ರ ತನ್ನ ಪ್ರಬಂಧದಲ್ಲಿ ಮಿಶನ್ ಕೆಲಸಕ್ಕೆ ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಸೂಚಿಸಿದ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ದಶಮಾಂಶ ಮತ್ತೆ ಚಾಲ್ತಿಗೆ ಬಂತು, ಈ ಸಲ ಕಾಯಿದೆಯಾಗಿ ಅಲ್ಲ, ಭಕ್ತನ ಸ್ವಂತ ಶಿಸ್ತಾಗಿ. ಇಂದು ಪುರಾತನವೆಂದು ತೋರುವ ವೈಯಕ್ತಿಕ ದಶಮಾಂಶದ ಬೋಧನೆ ಬಹುಪಾಲು ಈ ಕಾಲದ್ದು.

ಭಾರತದ ಅಧ್ಯಾಯ ಪಾಶ್ಚಾತ್ಯ ವಿಶ್ವಕೋಶಗಳಲ್ಲಿ ಒಂದೆರಡು ಸಾಲಿಗೆ ಮುಗಿಯುತ್ತದೆ, ಇದು ಅನ್ಯಾಯ. ನಗದೇ ಇಲ್ಲದ ಮನೆಗಳಿಂದ ಕಾಣಿಕೆ ಎತ್ತುವುದು ಹೇಗೆಂಬ ಪ್ರಶ್ನೆಗೆ ಇಲ್ಲಿನ ಹೆಂಗಸರು ಅಡುಗೆಮನೆಯಲ್ಲೇ ಉತ್ತರ ಕಂಡುಕೊಂಡರು. ಪ್ರತಿ ಸಲ ಅಕ್ಕಿ ಅಳೆಯುವಾಗಲೂ ಒಂದು ಹಿಡಿ ಬೇರೆ ತೆಗೆದಿಡುವುದು, ಸಭೆ ಅದನ್ನು ಕೂಡಿಸಿ ಮಾರುವುದು. ಮಿಜೋರಾಮಿನಲ್ಲಿ 'ಬುಹ್‌ಫಾಯ್ ಥಾಮ್' ಎಂಬ ಹೆಸರಿನಲ್ಲಿ ಇದು 1910ರಿಂದ ನಡೆದಿದೆ. ಅಲ್ಲಿನ ಪ್ರೆಸ್ಬಿಟೀರಿಯನ್ ಸಭೆಯ ಆದಾಯದಲ್ಲಿ ಇಂದಿಗೂ ಇದರ ಪಾಲು ದೊಡ್ಡದು. ತಮಿಳು, ತೆಲುಗು, ಮಲಯಾಳಂ ಸಭೆಗಳಲ್ಲೂ ಹಿಡಿಯಕ್ಕಿಯ ರೂಢಿ ಇತ್ತು.

ಬಡವರ ಈ ಕೊಡುಗೆಗೆ ದೇವಶಾಸ್ತ್ರದ ರೂಪ ಕೊಟ್ಟವರಲ್ಲಿ ಮುಖ್ಯರು ವಿ.ಎಸ್. ಅಜರಯ್ಯ (1874–1945). 1905ರಲ್ಲಿ ಸೆರಾಂಪುರದಲ್ಲಿ ಭಾರತೀಯರ ಹಣದಿಂದಲೇ ನಡೆಯಬೇಕೆಂಬ ಸಂಕಲ್ಪದೊಂದಿಗೆ ಹುಟ್ಟಿದ ನ್ಯಾಷನಲ್ ಮಿಶನರಿ ಸೊಸೈಟಿಯ ಸ್ಥಾಪಕರಲ್ಲಿ ಅವರೊಬ್ಬರು. 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದರು. ಬಹುತೇಕ ದಲಿತ ಕೂಲಿಕಾರರೇ ತುಂಬಿದ್ದ ಆ ಸಭೆಯಲ್ಲಿ ಬಡತನ ಕೊಡದಿರಲು ನೆಪವಲ್ಲ ಎಂಬುದು ಅವರ ನಿಲುವಾಗಿತ್ತು. 'ಕ್ರಿಶ್ಚಿಯನ್ ಗಿವಿಂಗ್' ಅವರದೇ ಪುಸ್ತಕ. ಮೇಲೆ ಹೇಳಿದ ವಿಧವೆಯ ಚರ್ಚೆಯ ಬೆಳಕಿನಲ್ಲಿ ಈ ನಿಲುವು ಇಂದು ತಕರಾರಿಗೆ ಒಳಗಾಗಬಹುದು. ಆದರೆ ವಿದೇಶಿ ಮಿಶನ್ನಿನ ಹಂಗಿನಿಂದ ಬಿಡಿಸಿಕೊಳ್ಳಲು ಅವರಿಗೆ ಬೇರೆ ದಾರಿ ಕಡಿಮೆಯಿತ್ತು.

1947ರಲ್ಲಿ ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವನ್ನು ಒಳಗೊಂಡು ರೂಪುಗೊಂಡ ದಕ್ಷಿಣ ಭಾರತ ಸಭೆ, 1950ರ ತನ್ನ ಕರ್ತನ ಭೋಜನದ ಕ್ರಮದಲ್ಲಿ ಜನರ ಕಾಣಿಕೆಯನ್ನೂ ರೊಟ್ಟಿ-ದ್ರಾಕ್ಷಾರಸವನ್ನೂ ಒಟ್ಟಿಗೆ ವೇದಿಗೆ ತರುವ ಪದ್ಧತಿಯನ್ನು ಅಳವಡಿಸಿತು. ಡಿಕ್ಸ್‌ರ ಚಿತ್ರ ಚರಿತ್ರೆಯಾಗಿ ನಿಲ್ಲದಿದ್ದರೂ ಆರಾಧನೆಯಾಗಿ ನಿಂತದ್ದು ಹೀಗೆ. ಎರಡನೆಯ ವ್ಯಾಟಿಕನ್ ಸಭೆಯ ನಂತರದ ಕಥೊಲಿಕ ಬಲಿಪೂಜೆಯಲ್ಲೂ ಭಕ್ತರು ಕಾಣಿಕೆಗಳನ್ನು ಮೆರವಣಿಗೆಯಲ್ಲಿ ತರುತ್ತಾರೆ. ಮಂಗಳೂರಿನ ಕಥೊಲಿಕರು ಸೆಪ್ಟೆಂಬರ್ 8ರ ತೆನೆಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಪ್ರೊಟೆಸ್ಟೆಂಟರ ಸುಗ್ಗಿಹಬ್ಬದ ಈಗಿನ ರೂಪ ಇಂಗ್ಲೆಂಡಿನ ಮೊರ್ವೆನ್‌ಸ್ಟೋದ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ಆರಂಭಿಸಿದ ಆರಾಧನೆಗೆ ಋಣಿ. ಆರಾಧನೆ ಮುಗಿದ ಮೇಲೆ ನಡೆಯುವ ಕಾಣಿಕೆಗಳ ಹರಾಜು, ಅದರಲ್ಲಿ ತೆಂಗಿನಕಾಯಿಯೊಂದು ಪೇಟೆಯ ಬೆಲೆಯ ಹತ್ತಾರು ಪಟ್ಟಿಗೆ ಏರುವ ಉತ್ಸಾಹ ಮಾತ್ರ ಇಲ್ಲಿಯ ರಂಗು.

20ನೇ ಶತಮಾನದ ಮಧ್ಯದಿಂದ ಅಮೆರಿಕದ ಓರಲ್ ರಾಬರ್ಟ್ಸ್ ಮೊದಲಾದವರು ಕಾಣಿಕೆಯನ್ನು ಬಿತ್ತಿದ ಬೀಜವೆಂದೂ ದೇವರು ಅದನ್ನು ಹಲವು ಪಟ್ಟಾಗಿ ಮರಳಿಸುವನೆಂದೂ ಬೋಧಿಸಿದರು. ಟೆಲಿವಿಷನ್ ಮೂಲಕ ಇದು ಭಾರತಕ್ಕೂ ಬಂತು. 2010ರಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರ ಜಾಗತಿಕ ಲೂಸಾನ್ ಚಳವಳಿಯ ಕೇಪ್‌ಟೌನ್ ಘೋಷಣೆ ಈ ಸಮೃದ್ಧಿ ಬೋಧನೆಯನ್ನು ಸ್ಪಷ್ಟವಾಗಿ ತಿರಸ್ಕರಿಸಿತು. 2020ರ ಕೋವಿಡ್ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಅನೇಕ ಸಭೆಗಳು ಆನ್‌ಲೈನ್ ಪಾವತಿಗೆ ತಿರುಗಿದವು. ಕಾಣಿಕೆ ಚೀಲದ ಜೊತೆಗೆ ಈಗ ಕ್ಯೂಆರ್ ಕೋಡ್ ಫಲಕವೂ ಹಲವೆಡೆ ಇದೆ.