ಹಾಯಿದೋಣಿ ಸ್ಪರ್ಧೆಗಳಲ್ಲಿ ನಾಯಕ ಮತ್ತು ಸಹನಾವಿಕರ ಹೊಂದಾಣಿಕೆ

ಹಾಯಿದೋಣಿ ಸ್ಪರ್ಧೆಗಳಲ್ಲಿ ನಾಯಕ ಮತ್ತು ಸಹನಾವಿಕರ ಹೊಂದಾಣಿಕೆ ಎಂದರೆ ದೋಣಿಯುಳ್ಳ ನಾಯಕರಿಗೆ (ಸ್ಕಿಪ್ಪರ್) ಬೇಕಾದ ಸಹನಾವಿಕರನ್ನೂ, ದೋಣಿಯಿಲ್ಲದ ನಾವಿಕರಿಗೆ ತಕ್ಕ ದೋಣಿಯನ್ನೂ ಒದಗಿಸುವ ವ್ಯವಸ್ಥೆ. ಬಹುತೇಕ ಸ್ಪರ್ಧಾ ದೋಣಿಗಳನ್ನು ಒಬ್ಬರೇ ನಡೆಸಲಾಗುವುದಿಲ್ಲ. ಚಿಕ್ಕ ದೋಣಿಗೆ ಇಬ್ಬರು, ಮಧ್ಯಮ ಗಾತ್ರದ್ದಕ್ಕೆ ನಾಲ್ಕೈದು ಜನ, ಸಾಗರ ಸ್ಪರ್ಧೆಯ ದೊಡ್ಡ ದೋಣಿಗೆ ಹತ್ತಕ್ಕಿಂತ ಹೆಚ್ಚು ಜನ ಬೇಕಾಗುತ್ತಾರೆ. ಹವ್ಯಾಸಿ ಸ್ಪರ್ಧೆಗಳಲ್ಲಿ ಇವರೆಲ್ಲರೂ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಬರುವವರಾದ್ದರಿಂದ ತಂಡ ಕೂಡಿಸುವುದು ನಾಯಕನ ಮುಖ್ಯ ಕೆಲಸಗಳಲ್ಲಿ ಒಂದಾಗಿದೆ. ನೀರಿಗಿಳಿದ ಮೇಲೆ ದೋಣಿಯಲ್ಲಿರುವವರ ಪ್ರಾಣ ಪರಸ್ಪರರ ಕೌಶಲ ಮತ್ತು ನಿರ್ಧಾರಗಳನ್ನು ಅವಲಂಬಿಸಿರುತ್ತದೆ. ಆದ್ದರಿಂದ ಈ ಹೊಂದಾಣಿಕೆ ಗೆಲುವಿಗೆ ಎಷ್ಟು ಮುಖ್ಯವೋ ಸುರಕ್ಷತೆಗೂ ಅಷ್ಟೇ ಮುಖ್ಯ.

ದೋಣಿಯೊಳಗಿನ ಕೆಲಸಗಳು

ದೋಣಿಯ ಹೊಣೆ ಹೊತ್ತವರು ನಾಯಕರು. ಸಾಮಾನ್ಯವಾಗಿ ಚುಕ್ಕಾಣಿಯೂ ಅವರ ಕೈಯಲ್ಲಿರುತ್ತದೆ. ಆದರೆ ನಾಯಕ ಮತ್ತು ಚುಕ್ಕಾಣಿಗ ಬೇರೆ ಬೇರೆ ವ್ಯಕ್ತಿಗಳಾಗಿರುವುದೂ ಉಂಟು. ಇಬ್ಬರ ದೋಣಿಯಲ್ಲಿ ಚುಕ್ಕಾಣಿಗನು ದಿಕ್ಕನ್ನೂ ಮುಖ್ಯ ಹಾಯಿಯನ್ನೂ ನೋಡಿಕೊಂಡರೆ, ಸಹನಾವಿಕನು ಮುಂದಿನ ಹಾಯಿಯನ್ನು ನಿಯಂತ್ರಿಸುತ್ತಾನೆ ಮತ್ತು ತನ್ನ ಮೈಭಾರದಿಂದ ದೋಣಿ ಮಗುಚದಂತೆ ಸಮತೋಲ ಕಾಯುತ್ತಾನೆ. ಗಾಳಿ ಜೋರಾದಾಗ ಹಾಯಿಕಂಬಕ್ಕೆ ಕಟ್ಟಿದ ತಂತಿಗೆ ಜೋತು, ದೋಣಿಯ ಅಂಚಿನಲ್ಲಿ ಕಾಲೂರಿ ಇಡೀ ಮೈಯನ್ನು ಹೊರಗೆ ಚಾಚುವ ಕ್ರಮಕ್ಕೆ ಟ್ರಪೀಜ್ ಎನ್ನುತ್ತಾರೆ. 470 ವರ್ಗದ ದೋಣಿಯಲ್ಲಿ ಸಹನಾವಿಕ ಮಾತ್ರ ಟ್ರಪೀಜ್ ಬಳಸಿದರೆ, 49ಇಆರ್ ವರ್ಗದಲ್ಲಿ ಇಬ್ಬರೂ ಬಳಸುತ್ತಾರೆ.

ದೊಡ್ಡ ದೋಣಿಗಳಲ್ಲಿ ಕೆಲಸಗಳು ಹಂಚಿಕೆಯಾಗಿರುತ್ತವೆ. ಮುಂತುದಿಯಲ್ಲಿ ನಿಂತು ಹಾಯಿಗಳನ್ನು ಬದಲಿಸುವವರು, ಹಾಯಿಕಂಬದ ಬುಡದಲ್ಲಿ ಹಗ್ಗ ಎಳೆಯುವವರು, ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳನ್ನು ನಡುಭಾಗದಲ್ಲಿ ನಿರ್ವಹಿಸುವವರು, ಗಾಳಿಗೆ ತಕ್ಕಂತೆ ಹಾಯಿಯ ಆಕಾರ ತಿದ್ದುವವರು ಹಾಗೂ ಎದುರಾಳಿಗಳ ಚಲನೆ ನೋಡಿ ಸಲಹೆ ನೀಡುವ ತಂತ್ರಗಾರರು ಅವರಲ್ಲಿ ಮುಖ್ಯರು. ಮುಂತುದಿಯ ಕೆಲಸಕ್ಕೆ ಚುರುಕು ಮತ್ತು ಸಮತೋಲ ಬೇಕು, ಹಗ್ಗ ಎಳೆಯಲು ತೋಳ್ಬಲ ಬೇಕು. ಹೊಸಬರನ್ನು ಸಾಮಾನ್ಯವಾಗಿ ದೋಣಿಯ ಅಂಚಿನಲ್ಲಿ ಕುಳಿತು ಭಾರ ಕೊಡುವ ಕೆಲಸದಿಂದ ಆರಂಭಿಸಲಾಗುತ್ತದೆ.

ಹೊಂದಾಣಿಕೆಯ ಅಂಶಗಳು

ತೂಕ: ಹಾಯಿದೋಣಿಯಲ್ಲಿ ಮನುಷ್ಯರ ತೂಕವೂ ಒಂದು ಸಾಧನ. ಗಾಳಿ ದೋಣಿಯನ್ನು ಒಂದು ಬದಿಗೆ ವಾಲಿಸಿದಾಗ ಸಿಬ್ಬಂದಿ ಎದುರು ಬದಿಯ ಅಂಚಿಗೆ ಸರಿದು ಅದನ್ನು ನೆಟ್ಟಗೆ ನಿಲ್ಲಿಸುತ್ತಾರೆ. ತೂಕ ಹೆಚ್ಚಿದ್ದರೆ ಬಿರುಗಾಳಿಯಲ್ಲಿ ಅನುಕೂಲ, ಮಂದ ಗಾಳಿಯಲ್ಲಿ ಹೊರೆ. ಹೀಗಾಗಿ ಹಲವು ವರ್ಗಗಳು ಸಿಬ್ಬಂದಿಯ ಒಟ್ಟು ತೂಕಕ್ಕೆ ಮಿತಿ ಹಾಕಿವೆ. ಸಾಮಾನ್ಯವಾಗಿ ಐವರು ನಡೆಸುವ ಜೆ/24 ದೋಣಿಯಲ್ಲಿ ಈ ಮಿತಿ 400 ಕಿಲೋಗ್ರಾಂ.  ಆದ್ದರಿಂದ ನಾಯಕರು ಹೊಸ ಸಹನಾವಿಕರ ತೂಕ ಕೇಳುವುದು ಈ ಕ್ರೀಡೆಯಲ್ಲಿ ವಾಡಿಕೆ. ಅದನ್ನು ಅಗೌರವವೆಂದು ಭಾವಿಸುವುದಿಲ್ಲ.

ಅನುಭವ: ಎಷ್ಟು ವರ್ಷ ದೋಣಿ ನಡೆಸಿದ್ದಾರೆ ಎಂಬುದಕ್ಕಿಂತ ಯಾವ ಬಗೆಯ ದೋಣಿಯಲ್ಲಿ, ಯಾವ ಸ್ಥಾನದಲ್ಲಿ, ಎಂಥ ಗಾಳಿಯಲ್ಲಿ ಕೆಲಸ ಮಾಡಿದ್ದಾರೆ ಎಂಬುದು ಮುಖ್ಯ. ಕೆರೆಯಲ್ಲಿ ಚಿಕ್ಕ ದೋಣಿ ನಡೆಸಿ ಪಳಗಿದವರಿಗೆ ಕಡಲಿನ ರಾತ್ರಿಯಾನ ಹೊಸದಾಗಿರಬಹುದು.

ಗುರಿ: ಪದಕಕ್ಕಾಗಿ ಸ್ಪರ್ಧಿಸುವ ನಾಯಕ ಮತ್ತು ವಾರಾಂತ್ಯದ ಉಲ್ಲಾಸಕ್ಕೆ ಬರುವ ಸಹನಾವಿಕ ಒಂದೇ ದೋಣಿಯಲ್ಲಿದ್ದರೆ ಇಬ್ಬರಿಗೂ ಅಸಮಾಧಾನವಾಗುತ್ತದೆ. ಅಭ್ಯಾಸಕ್ಕೆ ಎಷ್ಟು ದಿನ ಬರಬೇಕು, ಇಡೀ ಋತುವಿಗೆ ಬದ್ಧರಾಗಬೇಕೇ, ಸೋತಾಗ ದೋಣಿಯಲ್ಲಿ ಮಾತು ಹೇಗಿರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದೆಂದು ಪರಿಗಣಿಸಲಾಗುತ್ತದೆ.

ಖರ್ಚು: ಹವ್ಯಾಸಿ ಸ್ಪರ್ಧೆಗಳಲ್ಲಿ ದೋಣಿಯ ನಿರ್ವಹಣೆಯನ್ನು ಸಾಮಾನ್ಯವಾಗಿ ಮಾಲೀಕರೇ ಭರಿಸುತ್ತಾರೆ. ಪ್ರಯಾಣ, ಊಟ, ಸ್ವಂತ ಉಡುಪುಗಳ ಖರ್ಚಿನ ವಿಷಯದಲ್ಲಿ ಪದ್ಧತಿ ಒಂದೊಂದು ದೋಣಿಯಲ್ಲಿ ಒಂದೊಂದು ರೀತಿ. ಕೆಲವು ಸ್ಪರ್ಧೆಗಳು ಹವ್ಯಾಸಿಗಳಿಗಷ್ಟೇ ಮೀಸಲು, ಇಲ್ಲವೇ ವೃತ್ತಿಪರರ ಸಂಖ್ಯೆಯನ್ನು ಮಿತಿಗೊಳಿಸುತ್ತವೆ. ಅಂತಹ ಕಡೆ ಬಳಸಲು ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್ ನಾವಿಕರನ್ನು ಹವ್ಯಾಸಿ (ಗುಂಪು 1) ಮತ್ತು ವೃತ್ತಿಪರ (ಗುಂಪು 3) ಎಂದು ವರ್ಗೀಕರಿಸುತ್ತದೆ.

ಹೊಂದಿಸುವ ವಿಧಾನಗಳು

ಅತ್ಯಂತ ಹಳೆಯ ವಿಧಾನ ಬಾಯಿಮಾತು. ಸ್ಪರ್ಧೆಯ ದಿನ ಬೆಳಗ್ಗೆ ಉಡುಪು ತೊಟ್ಟು ದೋಣಿಕಟ್ಟೆಗೆ ಬಂದು, ಯಾರಿಗಾದರೂ ಜನ ಬೇಕೇ ಎಂದು ವಿಚಾರಿಸುವ ರೂಢಿ ಅನೇಕ ದೇಶಗಳಲ್ಲಿ ಇಂದಿಗೂ ಇದೆ. ಕೊನೆ ಗಳಿಗೆಯಲ್ಲಿ ಯಾರಾದರೂ ಬಾರದಿದ್ದಾಗ ನಾಯಕರಿಗೂ ಇದರಿಂದ ಅನುಕೂಲ. ಎರಡನೆಯದು ಕ್ಲಬ್ಬಿನ ಸೂಚನಾ ಫಲಕ. ಅದರಲ್ಲಿ ‘ಸಹನಾವಿಕರು ಬೇಕು’ ಮತ್ತು ‘ದೋಣಿ ಬೇಕು’ ಎಂಬ ಎರಡು ಪಟ್ಟಿಗಳಿರುತ್ತವೆ. ಈಗ ಅದೇ ಪಟ್ಟಿಗಳು ಅಂತರಜಾಲದಲ್ಲೂ ಮೊಬೈಲ್ ಗುಂಪುಗಳಲ್ಲೂ ನಡೆಯುತ್ತವೆ.

ಉಪಯುಕ್ತವಾದ ಪಟ್ಟಿಯಲ್ಲಿ ನಾಯಕರು ದೋಣಿಯ ವರ್ಗ, ಸ್ಪರ್ಧೆಯ ದಿನಾಂಕಗಳು, ಖಾಲಿ ಇರುವ ಸ್ಥಾನ ಮತ್ತು ಅಪೇಕ್ಷಿತ ಅನುಭವವನ್ನು ತಿಳಿಸುತ್ತಾರೆ. ಸಹನಾವಿಕರು ತಮ್ಮ ಅನುಭವ, ತೂಕ, ಈಜಿನ ಸಾಮರ್ಥ್ಯ, ಬಿಡುವಿನ ದಿನಗಳು ಮತ್ತು ಆರೋಗ್ಯದ ತೊಂದರೆಗಳೇನಾದರೂ ಇದ್ದರೆ ಅವುಗಳನ್ನು ತಿಳಿಸುತ್ತಾರೆ. ಇಲ್ಲದ ಅನುಭವವನ್ನು ಹೇಳಿಕೊಳ್ಳುವುದು ಈ ಕ್ರೀಡೆಯಲ್ಲಿ ದೊಡ್ಡ ತಪ್ಪು, ಏಕೆಂದರೆ ಅದು ಬಯಲಾಗುವುದು ದಡದಿಂದ ದೂರ ಹೋದ ಮೇಲೆ. ದೋಣಿಯ ಲೋಪಗಳನ್ನು ಮುಚ್ಚಿಟ್ಟು ಹೊಸಬರನ್ನು ಕರೆದೊಯ್ಯುವುದೂ ಅಷ್ಟೇ ತಪ್ಪು. ಪಟ್ಟಿಯ ಮೂಲಕ ಪರಿಚಯವಾದವರು ದೂರದ ಸ್ಪರ್ಧೆಗೆ ಒಪ್ಪುವ ಮೊದಲು ಹತ್ತಿರದ ನೀರಿನಲ್ಲಿ ಒಂದೆರಡು ಬಾರಿ ಜೊತೆಯಾಗಿ ದೋಣಿ ನಡೆಸಿ ನೋಡುವುದು ಜಾಣತನ. ಇದರಿಂದ ಪರಸ್ಪರ ಮಾತು ಅರ್ಥವಾಗುತ್ತದೆಯೇ, ಒತ್ತಡದಲ್ಲಿ ನಾಯಕರ ವರ್ತನೆ ಹೇಗಿರುತ್ತದೆ ಎಂಬುದು ತಿಳಿಯುತ್ತದೆ.

ಸಹನಾವಿಕರ ಕೊರತೆಯನ್ನು ಕೆಲವರು ಒಂಟಿ ನಾವಿಕರ ದೋಣಿಗಳಿಂದ ಪರಿಹರಿಸಿಕೊಂಡಿದ್ದಾರೆ. ಲೇಸರ್ (ಈಗಿನ ಹೆಸರು ಐಎಲ್‌ಸಿಎ) ದೋಣಿ ಜಗತ್ತಿನಾದ್ಯಂತ ಹರಡಲು ಅದಕ್ಕೆ ಎರಡನೆಯ ವ್ಯಕ್ತಿ ಬೇಕಿಲ್ಲದಿರುವುದೂ ಒಂದು ಕಾರಣ. ಇನ್ನೊಂದೆಡೆ ಒಲಿಂಪಿಕ್ ವರ್ಗಗಳ ಬದಲಾವಣೆಗಳು ಹೊಸ ಜೋಡಿಗಳ ಅಗತ್ಯವನ್ನು ಸೃಷ್ಟಿಸಿವೆ. 2016ರಲ್ಲಿ ಸೇರಿದ ನಾಕ್ರಾ 17 ವರ್ಗದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಇರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 470 ವರ್ಗವೂ ಮಿಶ್ರ ಜೋಡಿಗೆ ಬದಲಾದಾಗ, ಅದರಲ್ಲಿ ಮುಂದುವರಿದ ಹಳೆಯ ಜೋಡಿಗಳ ನಾವಿಕರು ಹೊಸ ಜೊತೆಗಾರರನ್ನು ಹುಡುಕಬೇಕಾಯಿತು.

ನಿಯಮಗಳು ಮತ್ತು ಹೊಣೆ

ವರ್ಲ್ಡ್ ಸೇಲಿಂಗ್ ಪ್ರಕಟಿಸುವ ಸ್ಪರ್ಧಾ ನಿಯಮಗಳನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸಲಾಗುತ್ತದೆ. ಅವುಗಳ ಪ್ರಕಾರ ಪ್ರತಿ ದೋಣಿಯಲ್ಲೂ ಹೊಣೆ ಹೊತ್ತ ಒಬ್ಬ ವ್ಯಕ್ತಿ ಇರಬೇಕು. ಸ್ಪರ್ಧೆಗೆ ಇಳಿಯಬೇಕೇ, ಇಳಿದ ಮೇಲೆ ಮುಂದುವರಿಯಬೇಕೇ ಎಂಬ ನಿರ್ಧಾರ ಆ ದೋಣಿಯದೇ, ಸಂಘಟಕರದಲ್ಲ. ಸ್ಪರ್ಧೆಯ ನಡುವೆ ಸಿಬ್ಬಂದಿ ಉದ್ದೇಶಪೂರ್ವಕವಾಗಿ ದೋಣಿ ಬಿಟ್ಟು ಹೋಗುವಂತಿಲ್ಲ. ಕಾಯಿಲೆ, ಗಾಯ ಮತ್ತು ಅಪಾಯದಲ್ಲಿರುವವರ ನೆರವು ಇದಕ್ಕೆ ಹೊರತು. ಅಪಾಯದಲ್ಲಿರುವ ಯಾರಿಗೇ ಆದರೂ ಸಾಧ್ಯವಿರುವ ಎಲ್ಲ ನೆರವು ನೀಡುವುದು ಪ್ರತಿ ಸ್ಪರ್ಧಿಯ ಕರ್ತವ್ಯ. ಹೀಗೆ, ಒಂದು ದೋಣಿಯನ್ನು ಹತ್ತಲು ಒಪ್ಪಿದ ಸಹನಾವಿಕನು ಅದರ ನಾಯಕನ ವಿವೇಚನೆಯನ್ನೂ ಒಪ್ಪಿಕೊಂಡಂತಾಗುತ್ತದೆ.

ಸುರಕ್ಷತೆ

ಈ ಒಪ್ಪಿಗೆಯ ತೂಕವನ್ನು ಎರಡು ದುರಂತಗಳು ತೋರಿಸಿಕೊಟ್ಟವು. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಸ್ಪರ್ಧೆಯ 303 ದೋಣಿಗಳು ಬಿರುಗಾಳಿಗೆ ಸಿಕ್ಕಿದವು. 15 ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಸಿಬ್ಬಂದಿ ಬಿಟ್ಟು ಹೋದರೂ ಅವುಗಳಲ್ಲಿ ಹೆಚ್ಚಿನವು ನಂತರ ತೇಲುತ್ತಿದ್ದುದು ಕಂಡುಬಂತು. ದೋಣಿಯನ್ನು ಯಾವಾಗ ಬಿಡಬೇಕು, ಯಾವಾಗ ಬಿಡಬಾರದು ಎಂಬ ನಿರ್ಧಾರ ಎಷ್ಟು ಕಠಿಣವೆಂಬುದಕ್ಕೆ ಇದು ಸಾಕ್ಷಿ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿ–ಹೋಬಾರ್ಟ್ ಸ್ಪರ್ಧೆಯಲ್ಲಿ ಹೊರಟ 115 ದೋಣಿಗಳಲ್ಲಿ 44 ಮಾತ್ರ ಗುರಿ ಮುಟ್ಟಿದವು. ಆರು ನಾವಿಕರು ಸತ್ತರು. ಈ ಘಟನೆಗಳ ನಂತರ ಸಾಗರ ಸ್ಪರ್ಧೆಗಳ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಲಾಯಿತು. ಈಗ ಪ್ರಮುಖ ಸಾಗರ ಸ್ಪರ್ಧೆಗಳಲ್ಲಿ ಸಿಬ್ಬಂದಿಯ ನಿರ್ದಿಷ್ಟ ಪಾಲು ಜನ ಸಮುದ್ರದಲ್ಲಿ ಪ್ರಾಣ ಉಳಿಸಿಕೊಳ್ಳುವ ತರಬೇತಿ ಪಡೆದಿರಬೇಕಾಗುತ್ತದೆ. ಅನುಭವವೇ ಇಲ್ಲದವರನ್ನು ಕೊನೆ ಗಳಿಗೆಯಲ್ಲಿ ತುಂಬಿಸಿಕೊಂಡು ದೂರ ಸಾಗರಕ್ಕೆ ಹೊರಡುವುದಕ್ಕೆ ಇದು ಕಡಿವಾಣ ಹಾಕಿದೆ.

ಭಾರತದಲ್ಲಿ

ಭಾರತದಲ್ಲಿ ಹಾಯಿದೋಣಿ ಕ್ರೀಡೆ ಮುಂಬಯಿ, ಚೆನ್ನೈ, ಹೈದರಾಬಾದಿನ ಹುಸೇನ್ ಸಾಗರ ಮೊದಲಾದ ಕಡೆ ಕ್ಲಬ್ಬುಗಳ ಹಾಗೂ ರಕ್ಷಣಾ ಪಡೆಗಳ ಆಶ್ರಯದಲ್ಲಿ ಬೆಳೆದಿದೆ. 1846ರಲ್ಲಿ ಸ್ಥಾಪನೆಯಾದ ರಾಯಲ್ ಬಾಂಬೆ ಯಾಟ್ ಕ್ಲಬ್ ಹಳೆಯ ಸಂಸ್ಥೆಗಳಲ್ಲೊಂದು. ರಾಷ್ಟ್ರಮಟ್ಟದ ಆಡಳಿತ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ್ದು.

ದೇಶದ ಗಮನಾರ್ಹ ಸಾಧನೆಗಳಲ್ಲಿ ಹಲವು ಜೋಡಿಗಳ ಹೆಸರಿನಲ್ಲಿವೆ. 1982ರ ಏಷ್ಯನ್ ಕ್ರೀಡಾಕೂಟದ ಫೈರ್‌ಬಾಲ್ ವರ್ಗದಲ್ಲಿ ಫಾರೂಕ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೆಗಾರ್ 49ಇಆರ್ ಎಫ್‌ಎಕ್ಸ್ ವರ್ಗದಲ್ಲಿ ಬೆಳ್ಳಿ ಪಡೆದರು.

2024ರ ಅಕ್ಟೋಬರ್‌ನಿಂದ 2025ರ ಮೇ ವರೆಗೆ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಐಎನ್‌ಎಸ್‌ವಿ ತಾರಿಣಿಯಲ್ಲಿ ಗೋವಾದಿಂದ ಹೊರಟು ಭೂಮಿಯನ್ನು ಸುತ್ತಿ ಬಂದರು. ಇದು ಸ್ಪರ್ಧೆಯಲ್ಲದಿದ್ದರೂ ಜೊತೆಗಾರರ ಹೊಂದಾಣಿಕೆಗೆ ಉತ್ತಮ ನಿದರ್ಶನ. ಈ ಯಾನಕ್ಕೆ ಮೊದಲು ಅವರಿಬ್ಬರೂ ಅದೇ ದೋಣಿಯಲ್ಲಿ ದೀರ್ಘ ತರಬೇತಿ ಯಾನಗಳನ್ನು ಒಟ್ಟಿಗೆ ಮುಗಿಸಿದ್ದರು. 2017–18ರಲ್ಲಿ ಇದೇ ದೋಣಿಯಲ್ಲಿ ವರ್ತಿಕಾ ಜೋಶಿ ನಾಯಕತ್ವದ ಆರು ಮಹಿಳೆಯರ ತಂಡ ಇಂಥದೇ ಯಾನ ಕೈಗೊಂಡಿತ್ತು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಕ್ರೀಡೆಯ ಮುಖ್ಯ ನೆಲೆ ಬೆಂಗಳೂರಿನ ಹಲಸೂರು ಕೆರೆ. ಅಲ್ಲಿ ಭೂಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಆಶ್ರಯದಲ್ಲಿ ತರಬೇತಿ ನಡೆಯುತ್ತದೆ. ಕ್ಲಬ್ಬಿನ ಹವ್ಯಾಸಿಗಳಂತೆ ಜೊತೆಗಾರರನ್ನು ತಾವೇ ಹುಡುಕುವ ಬದಲು, ಇಂತಹ ಕೇಂದ್ರಗಳಲ್ಲಿ ತೂಕ ಮತ್ತು ಸಾಮರ್ಥ್ಯ ನೋಡಿ ತರಬೇತುದಾರರು ಜೋಡಿಗಳನ್ನು ಕಟ್ಟುತ್ತಾರೆ. ಕೊಡಗು ಮೂಲದ ಕೆ. ಸಿ. ಗಣಪತಿ ಚೆನ್ನೈಯಲ್ಲಿ ಬೆಳೆದು ವರುಣ್ ಠಕ್ಕರ್ ಜೊತೆ 49ಇಆರ್ ವರ್ಗದಲ್ಲಿ ಸ್ಪರ್ಧಿಸಿದರು. ಹಲವು ವರ್ಷ ಒಟ್ಟಿಗೆ ಅಭ್ಯಾಸ ಮಾಡಿದ ಈ ಜೋಡಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 17ನೇ ಸ್ಥಾನ ಪಡೆಯಿತು.

ನಾಯಕ ಮತ್ತು ಸಹನಾವಿಕರನ್ನು ಕೂಡಿಸುವ ಪದ್ಧತಿ ಕ್ರೀಡೆಯ ಹೊರಗೂ ರಾಜ್ಯದಲ್ಲಿದೆ. ಮಲ್ಪೆ, ಮಂಗಳೂರು ಮೊದಲಾದ ಬಂದರುಗಳ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಲ್ಲಿ ಚಾಲನೆಯ ಹೊಣೆ ಹೊತ್ತವನನ್ನು ತಂಡೇಲ ಎಂದೂ, ಜೊತೆಗೆ ದುಡಿಯುವವರನ್ನು ಕಲಾಸಿಗಳೆಂದೂ ಕರೆಯುತ್ತಾರೆ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಋತು ಆರಂಭವಾಗುವ ಹೊತ್ತಿಗೆ ದೋಣಿಗಳಿಗೆ ಜನ ಹೊಂದಿಸಬೇಕಾಗುತ್ತದೆ. ಕರಾವಳಿಯವರೊಂದಿಗೆ ಉತ್ತರ ಕರ್ನಾಟಕದ ಹಾಗೂ ಹೊರ ರಾಜ್ಯಗಳ ಕಾರ್ಮಿಕರೂ ಈ ದೋಣಿಗಳನ್ನು ಹತ್ತುತ್ತಾರೆ. ಇಲ್ಲಿ ಜನರನ್ನು ಸೆಳೆಯುವುದು ಗೆಲುವಲ್ಲ, ಜೀವನೋಪಾಯ. ಆದರೂ ದಿನಗಟ್ಟಲೆ ಕಡಲಲ್ಲಿರುವಾಗ ತಂಡೇಲನ ಅನುಭವದ ಮೇಲೆ ಉಳಿದವರು ಭರವಸೆ ಇಡಬೇಕಾಗುತ್ತದೆ.

ಒಳನಾಡಿನ ಹೊಳೆಗಳಲ್ಲಿ ಪರಿಸ್ಥಿತಿ ಬೇರೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬಳಿ ತುಂಗಭದ್ರೆಯಲ್ಲಿ ಬಳಕೆಯಲ್ಲಿರುವ ಬಿದಿರಿನ ದುಂಡು ಹರಿಗೋಲಿಗೆ ಹಾಯಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ಒಬ್ಬ ಅಂಬಿಗ ಒಂದೇ ಹುಟ್ಟಿನಿಂದ ಅದನ್ನು ನಡೆಸುತ್ತಾನೆ, ಜೊತೆಗಾರರು ಬೇಕಾಗುವುದಿಲ್ಲ. ಅಲ್ಲಿ ಭಾರವನ್ನು ಸಮನಾಗಿ ಹಂಚಿ ಕೂರಿಸುವುದು ಅಂಬಿಗನ ಕೆಲಸ, ಅವನ ಮಾತಿನಂತೆ ಅಲುಗದೆ ಕೂರುವುದು ಪ್ರಯಾಣಿಕರ ಕೆಲಸ.