ಗಂಜಿ ಶಿಬಿರದಿಂದ ವೃದ್ಧಾಶ್ರಮದವರೆಗೆ: ಹಿಂದೂಪುರ–ಕಲ್ಯಾಣದುರ್ಗ ಗಡಿಯಲ್ಲಿ ಆಶ್ರಿತರ ಸುರಕ್ಷತೆಯ ಪ್ರಶ್ನೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಚರ್ಚೆಯ ಒಂದು ಭಾಗವನ್ನು ಕೊನೆಯಲ್ಲಿ ಸೇರಿಸಲಾಗಿದೆ.)

  

ಆಶ್ರಯ ಕೊಡುವ ಮನೆಯೊಂದರಲ್ಲಿ ಇರುವವರು ಸುರಕ್ಷಿತವಾಗಿದ್ದಾರೆ ಅಂತ ಯಾವಾಗ ಹೇಳಬಹುದು? ಸಾಮಾನ್ಯವಾಗಿ ನಾವು ಗೋಡೆ, ಗೇಟು, ಕಾವಲುಗಾರ, ಈಚೆಗೆ ಸಿಸಿಟಿವಿ ಅಂತೀವಿ. ಇತಿಹಾಸ ನೋಡಿದರೆ ಬೇರೆ ಉತ್ತರ ಸಿಗುತ್ತೆ. ಒಳಗೆ ಬಂದವರೆಷ್ಟು, ಹೊರಗೆ ಹೋದವರೆಷ್ಟು, ಸತ್ತವರೆಷ್ಟು ಎಂಬುದನ್ನು ಆ ಮನೆಗೆ ಸೇರದ ಒಬ್ಬರು ಎಣಿಸುತ್ತಿದ್ದಾರೆಯೇ ಎಂಬುದೇ ಮುಖ್ಯ. ಈ ಪ್ರಬಂಧದ ವಾದ ಇಷ್ಟೇ. ಇದಕ್ಕೆ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯನ್ನು ಇಟ್ಟುಕೊಂಡು ನಾಲ್ಕು ಘಟ್ಟಗಳನ್ನು ನೋಡೋಣ.

ಮೊದಲನೆಯದು 1876–78ರ ಬರ. ಕನ್ನಡದಲ್ಲಿ ಧಾತು–ಈಶ್ವರ ಸಂವತ್ಸರದ ಬರ ಅಂತೀವಿ, ತೆಲುಗರು ಧಾತು ಕರುವು ಅಂತಾರೆ. ಆಗ ಅನಂತಪುರ ಜಿಲ್ಲೆಯೇ ಇರಲಿಲ್ಲ. ಅದು ರಚನೆಯಾದದ್ದು 1882ರಲ್ಲಿ. ಈ ಸೀಮೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು ಅಂದರೆ ಬರದ ತೀವ್ರತೆ ಊಹಿಸಬಹುದು. ದುಡಿಯಲು ಶಕ್ತಿ ಇದ್ದವರಿಗೆ ಪರಿಹಾರ ಕಾಮಗಾರಿ, ಶಕ್ತಿ ಇಲ್ಲದವರಿಗೆ ಗಂಜಿ ಶಿಬಿರ. ಮುದುಕರು, ಅಂಗವಿಕಲರು, ಅನಾಥ ಮಕ್ಕಳು ಸರ್ಕಾರಿ ಆಶ್ರಯದಲ್ಲಿ ಒಟ್ಟಿಗೆ ವಾಸ ಮಾಡಿದ್ದು ಈ ಸೀಮೆಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಆಗಲೇ. ಶಿಬಿರಕ್ಕೆ ಬಂದವರು ಹಸಿವಿನಿಂದ ಪಾರಾದರೂ ಕಾಲರಾ, ಭೇದಿಗೆ ಸಿಕ್ಕಿಬಿದ್ದರು. ಸೊರಗಿದ ದೇಹಗಳನ್ನು ಒಂದೇ ಕಡೆ ತುಂಬಿದಾಗ ಆಶ್ರಯವೇ ಅಪಾಯವಾಯಿತು.

ಇದೇ ಹೊತ್ತಿಗೆ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಷ್ಟು ಕಾಸು, ಇಷ್ಟಕ್ಕೆ ಇಳಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಶ್ ಇದನ್ನು ವಿರೋಧಿಸಿದ. ಅವನ ಕೈಲಿದ್ದ ಆಯುಧ ಅಂಕಿಸಂಖ್ಯೆ. ಇಷ್ಟು ತಿಂದರೆ ದೇಹ ಎಷ್ಟು ಕುಗ್ಗುತ್ತೆ, ಎಷ್ಟು ಜನ ಸಾಯ್ತಾರೆ ಅಂತ ಲೆಕ್ಕ ಇಟ್ಟು ವಾದಿಸಿದ. 1877ರಲ್ಲಿಯೇ ಮದ್ರಾಸ್ ಸರ್ಕಾರ ಕೂಲಿಯ ಪ್ರಮಾಣ ಸಡಿಲಿಸಿತು. ಗಮನಿಸಿ, ಕಾರ್ನಿಶ್ ಶಿಬಿರಗಳನ್ನು ನಡೆಸುವವನಲ್ಲ, ಖರ್ಚಿನ ಹೊಣೆ ಅವನದಲ್ಲ. ಅದಕ್ಕೇ ಸಾವನ್ನು ಸಾವು ಅಂತ ಬರೆಯೋಕೆ ಅವನಿಗೆ ಸಾಧ್ಯವಾಯಿತು. 1880ರ ಕ್ಷಾಮ ಆಯೋಗದ ವರದಿ, ಆಮೇಲೆ ಬಂದ ಕ್ಷಾಮ ಸಂಹಿತೆಗಳು ಶಿಬಿರಗಳ ತಪಾಸಣೆಯನ್ನು ನಿಯಮ ಮಾಡಿದ್ದು ಈ ಅನುಭವದ ನಂತರ.

ಎರಡನೆಯದು ಏರ್ವಾಡಿ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ದರ್ಗಾ ಊರಾದ ಏರ್ವಾಡಿಯಲ್ಲಿ ಖಾಸಗಿ ಮಾನಸಿಕ ಆಶ್ರಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಒಟ್ಟು 28 ಸಾವು. ಸರಪಳಿ ಹಾಕಿದ್ದು ಯಾಕೆ ಅಂದರೆ ಅವರು ತಪ್ಪಿಸಿಕೊಂಡು ಹೋಗಬಾರದು ಅಂತ, ಅಂದರೆ ಸುರಕ್ಷತೆಯ ಹೆಸರಲ್ಲಿ! ಇಂಥ ಸಂಸ್ಥೆಗಳಿಗೆ ಪರವಾನಗಿ ಬೇಕು ಅನ್ನುವ 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಿಂದಲೇ ಜಾರಿಯಲ್ಲಿತ್ತು. ಕಾನೂನಿಗೇನೂ ಕೊರತೆ ಇರಲಿಲ್ಲ, ಎಣಿಸುವವರು ಇರಲಿಲ್ಲ. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು 2002ರ ಫೆಬ್ರವರಿಯಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಮುಖ್ಯವಾದದ್ದು ಜಿಲ್ಲಾವಾರು ಸಮೀಕ್ಷೆ: ನೋಂದಾಯಿತವೋ ಅಲ್ಲವೋ, ಮಾನಸಿಕ ರೋಗಿಗಳನ್ನು ನೋಡಿಕೊಳ್ಳುವ ಎಲ್ಲ ಸಂಸ್ಥೆಗಳನ್ನು ಪಟ್ಟಿ ಮಾಡಿ ಎಂದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನೇ ನಿಷೇಧಿಸಿತು.

ಮೂರನೆಯದು ನಮ್ಮ ಬೆಂಗಳೂರಿನದು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ, ಜನರ ಬಾಯಲ್ಲಿ ಬೆಗ್ಗರ್ಸ್ ಕಾಲೊನಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇಲ್ಲಿ ಇಡುತ್ತಾರೆ. ಖರ್ಚಿಗೆ ಆಸ್ತಿ ತೆರಿಗೆಯ ಮೇಲೆ ಭಿಕ್ಷುಕರ ಕರ ಇದೆ, ಅಂದರೆ ಹಣದ ಮೂಲ ಗಟ್ಟಿ. ಹೀಗಿದ್ದೂ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆಗಳು ಹಿಂದಿನ ತಿಂಗಳುಗಳ ದಾಖಲೆ ಕೆದಕಿದಾಗ ಆ ವರ್ಷದ ಸಾವುಗಳು ನೂರಾರು ಎಂದು ಗೊತ್ತಾಯಿತು. ನೋಡಿ, ಇಲ್ಲಿ ರಿಜಿಸ್ಟರ್ ಇತ್ತು, ಸಾವು ಅದರಲ್ಲಿ ನಮೂದಾಗಿಯೂ ಇತ್ತು. ತಿಂಗಳಿಂದ ತಿಂಗಳಿಗೆ ಹೋಲಿಸಿ ಓದುವವರು ಹೊರಗೆ ಯಾರೂ ಇರಲಿಲ್ಲ.

ಈ ಕೇಂದ್ರ ಗಡಿನಾಡಿಗೂ ಸಂಬಂಧಿಸಿದ್ದೇ. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್, ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ರೈಲಿದೆ. ಮಳೆ ಕಮ್ಮಿಯಾದ ವರ್ಷ ಅನಂತಪುರ ಸೀಮೆಯ ಜನ ರೈಲು ಹತ್ತಿ ಕೂಲಿಗೆ ಬರ್ತಾರೆ. ಹೀಗೆ ಬಂದು ದಿಕ್ಕುತಪ್ಪಿದ ವೃದ್ಧರು ಇನ್ನೊಂದು ರಾಜ್ಯದ ಆಶ್ರಯ ಕೇಂದ್ರ ಸೇರಿದರೆ ಊರಿನವರಿಗೆ ಸುದ್ದಿ ಮುಟ್ಟಿಸುವುದು ಯಾರ ಹೊಣೆ?

ನಾಲ್ಕನೆಯದು ಇವತ್ತಿನದು. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 19ನೇ ಕಲಂ ಪ್ರಕಾರ ರಾಜ್ಯ ಸರ್ಕಾರವು ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸಬಹುದು. ‘ಬಹುದು’ ಅಂತಿದೆ, ‘ಬೇಕು’ ಅಂತಿಲ್ಲ. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಂದೇ ಜಿಲ್ಲೆಯ ಲೆಕ್ಕಕ್ಕೆ ಸೇರಿದ್ದ ಎರಡು ಊರುಗಳು ಈಗ ಎರಡು ಲೆಕ್ಕ. ಕಾಯ್ದೆಯ ಅಳತೆಯಲ್ಲಿ ಈ ಸೀಮೆಗೆ 150ರ ಬದಲು 300 ಜಾಗ ಕೇಳಬಹುದು. ಹಾಗೇ ಅದೇ ಕಲಂ ನಿರ್ವಹಣೆಯ ಮಾನದಂಡ ರೂಪಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದೆ. ಆ ಮಾನದಂಡದಲ್ಲಿ ಹಾಸಿಗೆ, ಊಟದ ಜೊತೆ ಒಂದು ಪುಟದ ತಿಂಗಳ ಲೆಕ್ಕವೂ ಇರಬೇಕು: ಬಂದವರು, ಹೋದವರು, ಆಸ್ಪತ್ರೆಗೆ ಸೇರಿದವರು, ತೀರಿಕೊಂಡವರು. ಅದು ಜಿಲ್ಲೆಯ ಆರೋಗ್ಯ ಅಧಿಕಾರಿಗೆ ಹೋಗಬೇಕು. ಮಡಕಶಿರಾ ಕಡೆಯ ಅಗಳಿ, ರೊಳ್ಳದಂಥ ಊರುಗಳ ಅಜ್ಜ-ಅಜ್ಜಿಯರ ಮನೆಮಾತು ಕನ್ನಡ. ದೂರು ಹೇಳುವ ವ್ಯವಸ್ಥೆ ತೆಲುಗಿನ ಜೊತೆ ಕನ್ನಡದಲ್ಲೂ ಇಲ್ಲದಿದ್ದರೆ ಅವರ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಚರ್ಚೆಯಿಂದ:

ಪ್ರಶ್ನೆ: ಸಣ್ಣ ಊರಲ್ಲಿ ಯಾರೋ ಪುಣ್ಯಾತ್ಮರು ಹತ್ತು ಜನ ಮುದುಕರಿಗೆ ಅನ್ನ ಹಾಕ್ತಿರ್ತಾರೆ. ಇಷ್ಟೆಲ್ಲ ನಿಯಮ ಹೇರಿದರೆ ಅವರು ಬಾಗಿಲು ಹಾಕ್ತಾರಲ್ಲ ಮೇಡಂ? ಆಗ ಆ ಮುದುಕರು ಎಲ್ಲಿಗೆ ಹೋಗಬೇಕು?

ಉತ್ತರ: ಒಳ್ಳೆ ಪ್ರಶ್ನೆ. ಏರ್ವಾಡಿಯಲ್ಲಿ ಬೆಂಕಿಯ ನಂತರ ಇಂಥ ಮನೆಗಳನ್ನೆಲ್ಲ ಮುಚ್ಚಿಸಿದಾಗ ಐನೂರಕ್ಕೂ ಹೆಚ್ಚು ಜನರನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯ್ತು. ಬೀಗ ಹಾಕೋದು ಸುಲಭ, ಆಮೇಲಿನ ರಾತ್ರಿ ಕಷ್ಟ. ಅದಕ್ಕೇ ನಾನು ಪರವಾನಗಿಗಿಂತ ಮೊದಲು ಎಣಿಕೆ ಅಂತೀನಿ. ಹತ್ತು ಜನರಿಗೆ ಅನ್ನ ಹಾಕುವವರಿಗೆ ತಿಂಗಳಿಗೊಂದು ಪುಟ ಬರೆಯೋದು ಹೊರೆಯಲ್ಲ. ಆ ಪುಟ ಓದುವ ಅಧಿಕಾರಿಗೆ ನೋಟಿಸ್ ಕೊಡುವ ಅಧಿಕಾರದ ಜೊತೆ ವೈದ್ಯರನ್ನು ಕಳಿಸುವ, ಔಷಧಿ ಒದಗಿಸುವ ಹೊಣೆಯನ್ನೂ ಹೊರಿಸಬೇಕು. ಆಗ ಲೆಕ್ಕ ಕೊಡುವವರಿಗೂ ಲಾಭ ಇರುತ್ತೆ, ಮುಚ್ಚಿಡುವ ಕಾರಣ ಕಮ್ಮಿಯಾಗುತ್ತೆ. ಕಾರ್ನಿಶ್‌ನ ಅಂಕಿಗಳು ಕೆಲಸ ಮಾಡಿದ್ದು ಹೀಗೇ ಅಲ್ವಾ? ಶಿಬಿರ ಮುಚ್ಚಿ ಅಂತ ಅವನು ಕೇಳಲಿಲ್ಲ, ತಟ್ಟೆಗೆ ಇನ್ನಷ್ಟು ಅನ್ನ ಹಾಕಿ ಅಂದ.