ವೇಗ ಇಳಿಸುವಾಗ ಕಾರು ನಡುಗುತ್ತಾ? ಪಾರ್ಟ್ಸ್ ಬದಲಿಸೋ ಮುಂಚೆ ಇಷ್ಟು ನೋಡಿ

ಬಸವಕಲ್ಯಾಣ/ಹುಮನಾಬಾದ್: ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಚೆನ್ನಾಗಿ ಓಡಿದ ಪೆಟ್ರೋಲ್ ಕಾರು ಸಸ್ತಾಪುರ ಬಂಗ್ಲಾ ಅಥವಾ ಹುಮನಾಬಾದ್ ಹತ್ತಿರ ವೇಗ ಇಳಿಸಿದ ಕೂಡಲೇ ನಡುಗಿ ಬಂದ್ ಬೀಳುತ್ತಿದೆಯೇ? ನಡುಕ ಯಾವಾಗ ಬರುತ್ತದೆ ಅಂತ ಗಮನಿಸಿ, ಮೆಕ್ಯಾನಿಕ್‌ಗೆ ಅದನ್ನೇ ಹೇಳಿ. ಸುಮ್ಮನೆ ಆಗೋ ಖರ್ಚು ಉಳಿಯುತ್ತದೆ.

ಎಕ್ಸಲರೇಟರ್ ಬಿಟ್ಟಾಗ ಮಾತ್ರ: ಆಗ ಥ್ರಾಟಲ್ ಮುಚ್ಚಿ, ಗಾಳಿ ಸಣ್ಣ ಸಂದಿಯಿಂದ ಹೋಗುತ್ತದೆ. ಅಲ್ಲಿ ಕಾರ್ಬನ್ ಕಟ್ಟಿದರೆ ಎಂಜಿನ್‌ಗೆ ಗಾಳಿ ಸಾಲದು. ಮೊದಲು ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ನಂತರ ಕೆಲವು ಗಾಡಿಗಳಿಗೆ ಸ್ಕ್ಯಾನರ್‌ನಿಂದ ಐಡಲ್ ಸೆಟ್ ಮಾಡಿಸಬೇಕು. ಇಜಿಆರ್ ವಾಲ್ವ್ ಇದ್ದರೆ ಅದು ತೆರೆದೇ ಸಿಕ್ಕಿಕೊಂಡಿದೆಯೇ ನೋಡಿಸಿ.

ಬ್ರೇಕ್ ಒತ್ತಿದಾಗ ಮಾತ್ರ: ನಿಂತ ಗಾಡಿಯಲ್ಲಿ ಎಂಜಿನ್ ಚಾಲೂ ಇಟ್ಟು ಬ್ರೇಕ್ ಒತ್ತಿ ಹಿಡಿಯಿರಿ. 'ಸುಸ್' ಅಂತ ಸದ್ದು ಬಂದು ಎಂಜಿನ್ ತಡವರಿಸಿದರೆ ಬ್ರೇಕ್ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಲೀಕ್ ಇರಬಹುದು. ಎಂಜಿನ್ ಸರಿಯಿದ್ದು, ಓಡುವಾಗ ಬ್ರೇಕ್ ಹಿಡಿದರೆ ಸ್ಟೇರಿಂಗ್ ಅದುರಿದರೆ ಬ್ರೇಕ್ ಡಿಸ್ಕ್ ನೋಡಿಸಿ.

ಎಲ್ಲ ವೇಗದಲ್ಲೂ: ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಚೆಕ್ ಮಾಡಿಸಿ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್‌ನಿಂದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದು ದುಬಾರಿ ಪಾರ್ಟು.

ಓಡುವಾಗಲೇ ಬಂದ್ ಆದರೆ: ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಬೂಸ್ಟರ್‌ನಲ್ಲಿ ಉಳಿದ ಬಲ ಒಂದೆರಡು ಸಲಕ್ಕಷ್ಟೇ. ಹಾಗಾಗಿ ಬ್ರೇಕ್ ಮತ್ತೆ ಮತ್ತೆ ತುಳಿಯದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಿ. ಹಜಾರ್ಡ್ ಲೈಟ್ ಹಾಕಿ, ಎಡಬದಿಗೆ ನಿಲ್ಲಿಸಿ. ಗಾಡಿ ಪೂರ್ತಿ ನಿಲ್ಲೋತನಕ ಚಾವಿ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ.